ಬೆಳಕು ಬಂದರೂ ಚಳಿ ಬಿಡದ ತಿಂಗಳುಗಳು: ನಾರ್ವೆಯ ಚಳಿಗಾಲದ ಕೊನೆಯ ಹಬ್ಬಗಳು

ಫೆಬ್ರವರಿ ಬಂತೆಂದರೆ ಓಸ್ಲೊ, ಸ್ಟಾವಂಗರ್ ಕಡೆ ಕೆಲಸಕ್ಕೆ ಹೋಗಿ ನೆಲೆಸಿದವರ ಮನೆಯಿಂದ ಊರಿಗೆ ಕೆಲವು ವಿಚಿತ್ರ ಫೋಟೊಗಳು ಬರುತ್ತವೆ. ಕೆನೆ ಉಕ್ಕುತ್ತಿರುವ ದೊಡ್ಡ ಬನ್ನು. ಬಣ್ಣಬಣ್ಣದ ಗರಿ ಕಟ್ಟಿದ ಬರಿ ಕಡ್ಡಿಗಳ ಗೊಂಚಲು. ವೇಷ ಹಾಕಿಕೊಂಡು ಶಿಶುವಿಹಾರಕ್ಕೆ ಹೊರಟ ಮಕ್ಕಳು. ಕ್ರಿಸ್‌ಮಸ್ ಮುಗಿದು ಎಷ್ಟೋ ದಿನ ಆಯ್ತು, ಈಸ್ಟರ್ ಇನ್ನೂ ದೂರ ಇದೆ. ಹಾಗಾದರೆ ಇದು ಯಾವ ಹಬ್ಬ?

ಇದು ಫಾಸ್ಟೆಲಾವ್ನ್. ಆದರೆ ಇದೊಂದನ್ನೇ ಹಿಡಿದು ನೋಡಿದರೆ ಅರ್ಧ ಮಾತ್ರ ತಿಳಿಯುತ್ತದೆ. ಜನವರಿ ಕೊನೆಯಿಂದ ಈಸ್ಟರ್‌ವರೆಗೆ ನಾರ್ವೆಯಲ್ಲಿ ಒಂದರ ಹಿಂದೆ ಒಂದು ಆಚರಣೆ ಇದೆ. ಸೂರ್ಯನನ್ನು ಬರಮಾಡಿಕೊಳ್ಳುವ ಹಬ್ಬ, ತಿನ್ನುವ ಹಬ್ಬ, ಜಾತ್ರೆ, ಹಿಮದ ಮೇಲಿನ ಓಟ. ಇವೆಲ್ಲ ಯಾಕೆ ಇದೇ ಹೊತ್ತಿಗೆ ಬರುತ್ತವೆ ಅನ್ನುವುದಕ್ಕೆ ಮೊದಲು ಅಲ್ಲಿನ ಚಳಿಗಾಲ ಹೇಗಿರುತ್ತದೆ ಅಂತ ಗೊತ್ತಿರಬೇಕು.

ಹಗಲು ಬೆಳೆಯುತ್ತದೆ, ಹಿಮವೂ ಬೆಳೆಯುತ್ತದೆ

ಭೂಮಿ ಸುಮಾರು 23.4 ಡಿಗ್ರಿ ವಾಲಿಕೊಂಡು ಸೂರ್ಯನನ್ನು ಸುತ್ತುತ್ತದೆ. ಡಿಸೆಂಬರ್‌ನಲ್ಲಿ ಉತ್ತರದ ತುದಿ ಸೂರ್ಯನಿಂದ ಆಚೆಗೆ ವಾಲಿರುತ್ತದೆ. ಸಮಭಾಜಕ ವೃತ್ತಕ್ಕೆ ಹತ್ತಿರ ಇರುವ ನಮಗೆ ಇದು ಅಷ್ಟಾಗಿ ಗೊತ್ತೇ ಆಗುವುದಿಲ್ಲ. ಬೆಂಗಳೂರಲ್ಲಿ ವರ್ಷದ ಅತಿ ಚಿಕ್ಕ ಹಗಲೂ 11 ಗಂಟೆ ದಾಟುತ್ತದೆ. ಓಸ್ಲೊದಲ್ಲಿ ಡಿಸೆಂಬರ್ 21ರ ಸುಮಾರಿಗೆ ಹಗಲು ಆರು ಗಂಟೆಯೂ ತುಂಬುವುದಿಲ್ಲ. 66.5 ಡಿಗ್ರಿ ಅಕ್ಷಾಂಶದಲ್ಲಿ ಉತ್ತರ ಧ್ರುವವೃತ್ತ ಇದೆ. ಅದನ್ನೂ ದಾಟಿ ಮೇಲಕ್ಕೆ ಹೋದರೆ ವಾರಗಟ್ಟಲೆ ಸೂರ್ಯ ಹುಟ್ಟುವುದೇ ಇಲ್ಲ.

ಡಿಸೆಂಬರ್ ಕಳೆದ ಮೇಲೆ ಹಗಲು ಬೇಗಬೇಗ ಉದ್ದವಾಗುತ್ತದೆ. ಫೆಬ್ರವರಿ ನಡುವಿಗೆ ಓಸ್ಲೊದಲ್ಲಿ ಒಂಬತ್ತು ಗಂಟೆ ದಾಟಿರುತ್ತದೆ. ಆದರೆ ಚಳಿ ಅಷ್ಟು ಬೇಗ ಜಾಗ ಬಿಡುವುದಿಲ್ಲ. ಸೂರ್ಯ ಕೊಡುವ ಶಾಖಕ್ಕಿಂತ ನೆಲ ಕಳೆದುಕೊಳ್ಳುವ ಶಾಖ ಇನ್ನೂ ಜಾಸ್ತಿಯೇ ಇರುತ್ತದೆ. ಬೆಟ್ಟಗಳ ಮೇಲೆ ಹಿಮ ಅತಿ ದಪ್ಪವಾಗಿ ಕೂತಿರುವುದು ಸಾಮಾನ್ಯವಾಗಿ ಮಾರ್ಚ್, ಏಪ್ರಿಲ್‌ನಲ್ಲೇ. ಕಣ್ಣಿಗೆ ವಸಂತ ಬಂದಂತೆ ಕಾಣುತ್ತದೆ, ಮೈಗೆ ಮಾತ್ರ ಗಟ್ಟಿ ಚಳಿಗಾಲ.

ಹಿಂದಿನ ಕಾಲದ ರೈತರಿಗೆ ಈ ದಿನಗಳು ಕಷ್ಟದವು. ಶರತ್ಕಾಲದಲ್ಲಿ ಕಡಿದು ಉಪ್ಪು ಹಾಕಿಟ್ಟ ಮಾಂಸ, ಒಣಗಿಸಿಟ್ಟ ಮೀನು, ಕೊಟ್ಟಿಗೆಯ ಅಟ್ಟದ ಹುಲ್ಲು, ಎಲ್ಲ ತಳ ಕಾಣುವ ಹೊತ್ತು. ಹೊಸ ಹುಲ್ಲು ಬರುವುದಕ್ಕೆ ಇನ್ನೂ ತಿಂಗಳುಗಳೇ ಬೇಕು. ಚಳಿಗಾಲದ ನಟ್ಟನಡುವೆ ಮೇವು ಅರ್ಧವಾದರೂ ಉಳಿದಿರಬೇಕು ಅನ್ನುವ ಲೆಕ್ಕ ಹಳ್ಳಿಗಳಲ್ಲಿತ್ತು. ದಿನ ಎಣಿಸಲು ಮನೆಯಲ್ಲಿ ಪ್ರಿಮ್‌ಸ್ಟಾವ್ ಎಂಬ ಮರದ ಪಟ್ಟಿ ಇರುತ್ತಿತ್ತು. ಅದರ ಒಂದು ಮೈ ಚಳಿಗಾಲಕ್ಕೆ, ಇನ್ನೊಂದು ಬೇಸಿಗೆಗೆ. ದಿನಕ್ಕೊಂದು ಗೀರು, ಹಬ್ಬದ ದಿನಕ್ಕೆ ಒಂದು ಚಿತ್ರ. ಅಕ್ಟೋಬರ್ 14ಕ್ಕೆ ಚಳಿಗಾಲದ ಮೈ ಶುರುವಾದರೆ ಅದನ್ನು ತಿರುಗಿಸುವುದು ಏಪ್ರಿಲ್ 14ಕ್ಕೆ. ಅವರ ಲೆಕ್ಕದಲ್ಲಿ ಚಳಿಗಾಲ ಅಂದರೆ ಪೂರ್ತಿ ಅರ್ಧ ವರ್ಷ.

ಸೂರ್ಯ ಬಂದ ದಿನ

ಟ್ರೊಮ್ಸೊ ನಗರ ಇರುವುದು ಧ್ರುವವೃತ್ತದಿಂದ ಮೂರು ಡಿಗ್ರಿ ಮೇಲೆ. ಅಲ್ಲಿ ನವೆಂಬರ್ ಕೊನೆಗೆ ಮರೆಯಾದ ಸೂರ್ಯ ಮತ್ತೆ ದಿಗಂತಕ್ಕೆ ಬರುವುದು ಜನವರಿ ನಡುವಿಗೆ. ಸುತ್ತಲೂ ಬೆಟ್ಟ ಇರುವುದರಿಂದ ಊರಿನವರ ಕಣ್ಣಿಗೆ ಬೀಳಲು ಇನ್ನೂ ಕೆಲವು ದಿನ ಬೇಕು. ಜನವರಿ 21ನ್ನು ಅಲ್ಲಿ ಸೂರ್ಯನ ದಿನ ಅಂತ ಆಚರಿಸುತ್ತಾರೆ. ಆವತ್ತು ಬೇಕರಿಗಳಲ್ಲಿ ‘ಸೂಲ್‌ಬೊಲ್ಲೆ’ ಮಾರುತ್ತಾರೆ. ಎಣ್ಣೆಯಲ್ಲಿ ಕರಿದ, ಒಳಗೆ ಜಾಮ್ ತುಂಬಿದ ಗುಂಡನೆಯ ಬನ್ನು ಅದು. ಮೋಡ ಕವಿದು ಸೂರ್ಯ ಕಾಣದಿದ್ದರೂ ಬನ್ನು ತಿನ್ನುವುದು ತಪ್ಪುವುದಿಲ್ಲ.

ಇನ್ನೂ ಉತ್ತರಕ್ಕೆ, ಸ್ವಾಲ್‌ಬಾರ್ಡ್ ದ್ವೀಪಗಳ ಲಾಂಗ್ಯರ್‌ಬೀನ್ ಊರಿದೆ. 78 ಡಿಗ್ರಿ ಅಕ್ಷಾಂಶ. ಅಲ್ಲಿ ಸೂರ್ಯ ಮಾಯವಾಗುವುದು ಅಕ್ಟೋಬರ್‌ನಲ್ಲಿ. ಫೆಬ್ರವರಿ ನಡುವಿಗೆ ದಿಗಂತ ದಾಟಿದರೂ ಬೆಟ್ಟದ ಮರೆಯಿಂದ ಊರೊಳಗೆ ಇಳಿಯುವುದು ಮಾರ್ಚ್ 8ರ ಹೊತ್ತಿಗೆ. ಹಳೆಯ ಆಸ್ಪತ್ರೆಯ ಮೆಟ್ಟಿಲುಗಳ ಮೇಲೆ ಬಿಸಿಲು ಬಿದ್ದರೆ ಸೂರ್ಯ ಅಧಿಕೃತವಾಗಿ ಬಂದ ಹಾಗೆ ಅಂತ ಊರಿನ ನಂಬಿಕೆ. ಆಸ್ಪತ್ರೆ ಈಗ ಇಲ್ಲ, ಮೆಟ್ಟಿಲು ಮಾತ್ರ ಇದೆ. ಮಧ್ಯಾಹ್ನದ ಹೊತ್ತಿಗೆ ಊರೆಲ್ಲ ಅಲ್ಲಿ ಸೇರುತ್ತದೆ. ಮಕ್ಕಳು ಮುಖಕ್ಕೆ ಹಳದಿ ಬಣ್ಣ ಬಳಿದುಕೊಂಡು ಒಟ್ಟಾಗಿ ಸೂರ್ಯನನ್ನು ಕೂಗಿ ಕರೆಯುತ್ತಾರೆ. ಈ ಸಂಭ್ರಮ ಒಂದು ವಾರ ನಡೆಯುತ್ತದೆ.

ಸೂರ್ಯನಿಲ್ಲದ ಊರು ಅಂದರೆ ಉತ್ತರದಲ್ಲೇ ಇರಬೇಕಂತಿಲ್ಲ. ದಕ್ಷಿಣ ನಾರ್ವೆಯ ರ್ಯುಕಾನ್ ಒಂದು ಆಳವಾದ ಕಣಿವೆಯಲ್ಲಿದೆ. ಪಕ್ಕದಲ್ಲೇ 1,883 ಮೀಟರ್ ಎತ್ತರದ ಗೌಸ್ಟಾಟೊಪ್ಪೆನ್ ಬೆಟ್ಟ. ಚಳಿಗಾಲದಲ್ಲಿ ಸೂರ್ಯ ತಗ್ಗಿನಲ್ಲೇ ಹಾದುಹೋಗುವುದರಿಂದ ಸೆಪ್ಟೆಂಬರ್ ಕೊನೆಯಿಂದ ಮಾರ್ಚ್‌ವರೆಗೆ ಕಣಿವೆಯ ತಳಕ್ಕೆ ಬಿಸಿಲು ಮುಟ್ಟುವುದಿಲ್ಲ. ಅಲ್ಲಿ ಕಾರ್ಖಾನೆ ಕಟ್ಟಿದ ನೊರ್ಸ್ಕ್ ಹೈಡ್ರೊ ಕಂಪನಿ 1928ರಲ್ಲಿ ಒಂದು ಕೇಬಲ್ ಕಾರ್ ಹಾಕಿಸಿಕೊಟ್ಟಿತು. ಜನ ಮೇಲಕ್ಕೆ ಹೋಗಿ ಸ್ವಲ್ಪ ಬಿಸಿಲು ಕಾಯಿಸಿಕೊಂಡು ಬರಲಿ ಅಂತ. ಕೊನೆಗೆ 2013ರಲ್ಲಿ ಬೆಟ್ಟದ ಮೈಯಲ್ಲಿ ಮೂರು ದೊಡ್ಡ ಕನ್ನಡಿ ನಿಲ್ಲಿಸಿದರು. ಕಂಪ್ಯೂಟರ್ ಅವನ್ನು ಸೂರ್ಯನ ಜೊತೆಜೊತೆಗೇ ತಿರುಗಿಸುತ್ತದೆ. ಆ ಬೆಳಕು ಊರ ಚೌಕದ ಮೇಲೆ ಬೀಳುತ್ತದೆ. ಹಾಗಂತ ಮಾರ್ಚ್‌ನ ಸೂರ್ಯನ ಹಬ್ಬವನ್ನು ಅವರು ಬಿಟ್ಟಿಲ್ಲ. ನಿಜವಾದ ಸೂರ್ಯ ಬರುವ ಹೊತ್ತಿಗೆ ಬಣ್ಣದ ವೇಷ ಹಾಕಿ ಮೆರವಣಿಗೆ ಮಾಡುತ್ತಾರೆ.

ಉಪವಾಸ ಹೋಯ್ತು, ಹಿಂದಿನ ದಿನದ ಊಟ ಉಳೀತು

ಈಗ ಫಾಸ್ಟೆಲಾವ್ನ್‌ಗೆ ಬರೋಣ. ಇದನ್ನು ಅರ್ಥ ಮಾಡಿಕೊಳ್ಳಲು ನಮ್ಮಲ್ಲೇ ಒಂದು ಸುಲಭದ ದಾರಿ ಇದೆ. ಶ್ರಾವಣ ಹಿಡಿಯುವ ಹಿಂದಿನ ದಿನ ಮಾಂಸ ತಿನ್ನುವ ಎಷ್ಟೋ ಮನೆಗಳಲ್ಲಿ ಜೋರು ಬಾಡೂಟ ನಡೆಯುತ್ತದೆ, ಅಲ್ವಾ? ನಾಳೆಯಿಂದ ಒಂದು ತಿಂಗಳು ಮುಟ್ಟುವ ಹಾಗಿಲ್ಲ, ಹಾಗಾಗಿ ಇವತ್ತೇ ಹೊಟ್ಟೆ ತುಂಬ. ಫಾಸ್ಟೆಲಾವ್ನ್ ಹುಟ್ಟಿದ್ದೂ ಹೀಗೇ. ಆ ಹೆಸರಿಗೆ ಉಪವಾಸದ ಹಿಂದಿನ ಸಂಜೆ ಅಂತಲೇ ಅರ್ಥ.

ಯಾವ ಉಪವಾಸ? ಈಸ್ಟರ್‌ಗೆ ಮುಂಚಿನ 40 ದಿನಗಳದ್ದು. ನಮ್ಮ ಕರ್ನಾಟಕದ ಕಥೋಲಿಕರು ತಪಸ್ಸುಕಾಲ ಅನ್ನುವುದು ಇದನ್ನೇ. ವಿಭೂತಿ ಬುಧವಾರ ಶುರುವಾಗಿ ಈಸ್ಟರ್‌ಗೆ ಮುಗಿಯುತ್ತದೆ. ಲೆಕ್ಕ ಹಾಕಿದರೆ 46 ದಿನ ಬರುತ್ತದೆ. ಆದರೆ ನಡುವಿನ ಆರು ಭಾನುವಾರ ಉಪವಾಸ ಇಲ್ಲ, ಅವನ್ನು ಕಳೆದರೆ 40. ಮಧ್ಯಯುಗದ ನಾರ್ವೆ ಕಥೋಲಿಕ ದೇಶ. ಆ ದಿನಗಳಲ್ಲಿ ಮಾಂಸ ಮಾತ್ರ ಅಲ್ಲ, ಹಾಲು, ಬೆಣ್ಣೆ, ಮೊಟ್ಟೆಯನ್ನೂ ಬಿಡಬೇಕಿತ್ತು. ಮೀನಿಗೆ ಅಡ್ಡಿ ಇರಲಿಲ್ಲ. ಹಳೆಯ ಕಾನೂನುಗಳಲ್ಲಿ ನಿಯಮ ಮುರಿದವರಿಗೆ ಶಿಕ್ಷೆಯೂ ಇತ್ತು.

ಹೀಗಾಗಿ ಉಪವಾಸಕ್ಕೆ ಮುಂಚಿನ ಮೂರು ದಿನ ತಿನ್ನುವುದಕ್ಕೇ ಮೀಸಲು. ಭಾನುವಾರ ಹಂದಿ ಮಾಂಸ, ಅದಕ್ಕೆ ಅದು ಹಂದಿ ಮಾಂಸದ ಭಾನುವಾರ. ಆಮೇಲೆ ನೀಲಿ ಸೋಮವಾರ. ಅದರ ಮರುದಿನ ಕೊಬ್ಬಿನ ಮಂಗಳವಾರ. ಆವತ್ತು ಹಾಲು, ಗೋಧಿ ಬನ್ನು ಜಾಸ್ತಿ ತಿನ್ನುತ್ತಿದ್ದರು. ಆದ್ದರಿಂದ ಬಿಳಿ ಮಂಗಳವಾರ ಅಂತಲೂ ಹೆಸರಿದೆ. ಮನೆಯಲ್ಲಿ ಉಳಿದ ಜಿಡ್ಡಿನ ಪದಾರ್ಥ ಖಾಲಿ ಮಾಡಲು ಇದೇ ಕೊನೆ ಅವಕಾಶ. ಬುಧವಾರ ಬೆಳಗಾದರೆ ಬಾಯಿಗೆ ಬೀಗ.

1537ರಲ್ಲಿ ಚಿತ್ರ ಬದಲಾಯಿತು. ಆಗ ನಾರ್ವೆ ಡೆನ್ಮಾರ್ಕ್ ರಾಜನ ಕೈಕೆಳಗೆ ಇತ್ತು. ಆ ರಾಜ ಮೂರನೇ ಕ್ರಿಸ್ಟಿಯನ್, ಕಥೋಲಿಕ ಚರ್ಚಿನಿಂದ ಬೇರೆಯಾದ ಲೂಥರನ ಮತವನ್ನು ರಾಜ್ಯದ ಮತ ಮಾಡಿದ. ಕೊನೆಯ ಕಥೋಲಿಕ ಆರ್ಚ್‌ಬಿಷಪ್ ಊಲಾವ್ ಎಂಗೆಲ್‌ಬ್ರೆಕ್ಟ್‌ಸನ್ ದೇಶ ಬಿಟ್ಟು ಹೋಗಬೇಕಾಯಿತು. ಲೂಥರನ ಮತದಲ್ಲಿ ಕಡ್ಡಾಯದ ಉಪವಾಸ ಇಲ್ಲ. ಹಾಗಾದರೆ ಉಪವಾಸದ ಹಿಂದಿನ ದಿನದ ಊಟಕ್ಕೂ ಕಾರಣ ಉಳಿಯಲಿಲ್ಲ. ಆದರೂ ಅದು ಉಳಿಯಿತು. ನನಗೆ ಈ ಹಬ್ಬದಲ್ಲಿ ಅತಿ ಕುತೂಹಲದ ಸಂಗತಿ ಇದೇ. ಚರ್ಚಿನ ನಿಯಮ ಕಾರಣವನ್ನು ಕೊಟ್ಟಿತ್ತು ನಿಜ. ಆದರೆ ಉದ್ದದ ಚಳಿಯ ನಡುವೆ ಒಂದು ದಿನ ಬೆಣ್ಣೆ, ಕೆನೆ, ನಗು ಬೇಕು ಅನ್ನುವುದು ಜನರದ್ದೇ ಆಸೆ. ಅದನ್ನು ಯಾವ ರಾಜಾಜ್ಞೆಯೂ ತೆಗೆಯಲಿಲ್ಲ.

ದಿನಾಂಕ ಪ್ರತಿ ವರ್ಷ ಯಾಕೆ ಬದಲಾಗುತ್ತದೆ ಅನ್ನುವುದಕ್ಕೆ ಚಂದ್ರ ಕಾರಣ. ಮಾರ್ಚ್ 21ರಂದು ಅಥವಾ ಆಮೇಲೆ ಬರುವ ಮೊದಲ ಹುಣ್ಣಿಮೆ ಕಳೆದ ಭಾನುವಾರ ಈಸ್ಟರ್. ಅದಕ್ಕೆ ಸರಿಯಾಗಿ ಏಳು ವಾರ ಹಿಂದಿನ ಭಾನುವಾರ ಫಾಸ್ಟೆಲಾವ್ನ್. ಫೆಬ್ರವರಿ 1ರಿಂದ ಮಾರ್ಚ್ 7ರ ಒಳಗೆ ಯಾವತ್ತಾದರೂ ಬರಬಹುದು. 2026ರಲ್ಲಿ ಫೆಬ್ರವರಿ 15, 2027ರಲ್ಲಿ ಫೆಬ್ರವರಿ 7, 2028ರಲ್ಲಿ ಫೆಬ್ರವರಿ 27.

ಗರಿ ಕಟ್ಟಿದ ಕಡ್ಡಿಗಳು

ಫೋಟೊದಲ್ಲಿ ಕಾಣುವ ಕಡ್ಡಿ ಗೊಂಚಲಿಗೆ ಫಾಸ್ಟೆಲಾವ್ನ್ಸ್‌ರೀಸ್ ಅನ್ನುತ್ತಾರೆ. ಅವು ಬರ್ಚ್ ಮರದ ಎಳೆ ಕೊಂಬೆಗಳು. ತುದಿಗಳಿಗೆ ಹಳದಿ, ಗುಲಾಬಿ, ನೇರಳೆ ಬಣ್ಣ ಹಾಕಿದ ಗರಿಗಳನ್ನು ತೆಳು ತಂತಿಯಿಂದ ಕಟ್ಟಿರುತ್ತಾರೆ. ಕೆಲವರು ರಿಬ್ಬನ್, ಬಣ್ಣದ ಕಾಗದ ಕಟ್ಟುತ್ತಾರೆ.

ಹಿಂದೆ ಇವು ಅಲಂಕಾರಕ್ಕಲ್ಲ, ಹೊಡೆಯುವುದಕ್ಕೆ. ಹಬ್ಬದ ಬೆಳಿಗ್ಗೆ ಮಕ್ಕಳು ಬೇಗ ಎದ್ದು, ಇನ್ನೂ ಹಾಸಿಗೆಯಲ್ಲಿ ಇರುವ ದೊಡ್ಡವರಿಗೆ ಕಡ್ಡಿಯಿಂದ ಏಟು ಕೊಡುತ್ತಿದ್ದರು. ಏಟು ತಿಂದವರು ಹೊಡೆದವರಿಗೆ ಬನ್ನು ಕೊಡಬೇಕು. ವರ್ಷವಿಡೀ ದೊಡ್ಡವರ ಮಾತು ಕೇಳುವ ಮಕ್ಕಳಿಗೆ ಆ ಒಂದು ಬೆಳಿಗ್ಗೆ ಎಲ್ಲ ತಿರುಗುಮುರುಗು.

ಏಟಿಗೆ ಎರಡು ವಿವರಣೆ ಇದೆ. ಒಂದು ಫಲವಂತಿಕೆಯ ನಂಬಿಕೆ. ಮೊಗ್ಗು ಇರುವ ಕೊಂಬೆಯಲ್ಲಿ ಜೀವ ಇದೆ, ಅದು ತಾಗಿದರೆ ಮನುಷ್ಯರಿಗೂ ದನಕರುಗಳಿಗೂ ಆ ಜೀವದ ಬಲ ಬರುತ್ತದೆ ಅನ್ನುವುದು. ಇನ್ನೊಂದು ಕ್ರೈಸ್ತ ವಿವರಣೆ. ಏಸುವನ್ನು ಶಿಲುಬೆಗೆ ಏರಿಸುವ ಮುಂಚೆ ಚಾಟಿಯಿಂದ ಹೊಡೆದದ್ದನ್ನು ನೆನಪಿಸಲು ಈ ಏಟು ಅನ್ನುವುದು. ಈಗ ಹೊಡೆಯುವ ರೂಢಿ ಹೆಚ್ಚಿನ ಕಡೆ ಹೋಗಿದೆ. ಕಡ್ಡಿಗಳನ್ನು ನೀರು ತುಂಬಿದ ಹೂದಾನಿಯಲ್ಲಿ ಇಟ್ಟು ಕಿಟಕಿ ಹತ್ತಿರ ನಿಲ್ಲಿಸುತ್ತಾರೆ.

ಆ ಕಡ್ಡಿಯನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಒಣಗಿದಂತೆ ಕಂಡರೂ ಅದು ಸತ್ತಿಲ್ಲ. ಬರ್ಚ್ ಮರ ಮುಂದಿನ ವರ್ಷದ ಎಲೆಗಳನ್ನು ಹಿಂದಿನ ಬೇಸಿಗೆಯಲ್ಲೇ ಮೊಗ್ಗಿನೊಳಗೆ ಮಡಚಿ ಇಟ್ಟಿರುತ್ತದೆ. ಸಾಕಷ್ಟು ದಿನ ಚಳಿ ತಿಂದ ಮೇಲೆ ಮೊಗ್ಗಿನ ನಿದ್ದೆ ಮುಗಿದಿರುತ್ತದೆ, ಬೆಚ್ಚಗಾಗುವುದನ್ನೇ ಅದು ಕಾಯುತ್ತಿರುತ್ತದೆ. ಮನೆಯೊಳಗೆ ತಂದರೆ ಬೆಚ್ಚಗಿನ ಗಾಳಿ, ನೀರು ಎರಡೂ ಸಿಕ್ಕಂತಾಯಿತು. ಕೆಲವು ದಿನಗಳಲ್ಲಿ ಕಂದು ಮೊಗ್ಗು ಸೀಳಿ ಅಂಟಂಟಾದ, ಸುಕ್ಕುಸುಕ್ಕಾದ ಪುಟ್ಟ ಹಸಿರು ಎಲೆ ಹೊರಬರುತ್ತದೆ. ಕಿಟಕಿಯ ಆಚೆ ಮೊಣಕಾಲುದ್ದ ಹಿಮ ಇರುವಾಗಲೇ.

ಈ ಗೊಂಚಲುಗಳನ್ನು ಪೇಟೆಯಲ್ಲಿ, ಅಂಗಡಿಗಳ ಮುಂದೆ ಮಾರುವವರಲ್ಲಿ ನಾರ್ವೆಯ ಮಹಿಳಾ ಆರೋಗ್ಯ ಸಂಘದ ಸ್ವಯಂಸೇವಕಿಯರು ಮುಖ್ಯರು. 1896ರಲ್ಲಿ ಫ್ರೆಡ್ರಿಕೆ ಮರಿಯೆ ಕ್ವಾಮ್ ಮುಂದೆ ನಿಂತು ಕಟ್ಟಿದ ಸಂಘ ಇದು. ಕ್ಷಯರೋಗ ಮನೆಮನೆಗೆ ಹಬ್ಬಿದ್ದ ಕಾಲದಲ್ಲಿ ಅದರ ವಿರುದ್ಧ ದೊಡ್ಡ ಕೆಲಸ ಮಾಡಿತು. ಈಗ ಕಡ್ಡಿ ಮಾರಿ ಬಂದ ಹಣ ಹೆಂಗಸರ ಆರೋಗ್ಯದ ಸಂಶೋಧನೆಗೆ ಹೋಗುತ್ತದೆ. ಮಕ್ಕಳ ಆಟದ ಕಡ್ಡಿಯೊಂದು ಇಷ್ಟು ದೂರ ಬಂದಿದೆ.

ಬನ್ನಿನೊಳಗಿನ ಏಲಕ್ಕಿ

ಫಾಸ್ಟೆಲಾವ್ನ್ ಬನ್ನು ನೋಡಲು ಸರಳ. ಗೋಧಿ ಹಿಟ್ಟು, ಹಾಲು, ಬೆಣ್ಣೆ, ಸಕ್ಕರೆ, ಯೀಸ್ಟ್ ಹಾಕಿ ನಾದಿ, ಉಬ್ಬಲು ಬಿಟ್ಟು, ಉಂಡೆ ಮಾಡಿ ಬೇಯಿಸುತ್ತಾರೆ. ಪೂರ್ತಿ ಆರಿದ ಮೇಲೆ ಮೇಲ್ಭಾಗವನ್ನು ಮುಚ್ಚಳದ ಹಾಗೆ ಕತ್ತರಿಸಿ ತೆಗೆಯುತ್ತಾರೆ. ಕೆಳಗಿನ ಭಾಗಕ್ಕೆ ರಾಸ್ಪ್‌ಬೆರಿ ಅಥವಾ ಸ್ಟ್ರಾಬೆರಿ ಜಾಮ್. ಅದರ ಮೇಲೆ ಗಟ್ಟಿಯಾಗಿ ಕಡೆದ ಕೆನೆ. ಮುಚ್ಚಳ ಇಟ್ಟು ಮೇಲೆ ಸಕ್ಕರೆ ಪುಡಿ ಉದುರಿಸಿದರೆ ಆಯಿತು. ಬನ್ನು ಆರುವ ಮುಂಚೆ ಅವಸರ ಮಾಡಿದರೆ ಕೆನೆ ಕರಗಿ ನೀರಾಗುತ್ತದೆ. ಪಕ್ಕದ ಸ್ವೀಡನ್‌ನಲ್ಲಿ ಜಾಮ್ ಬದಲು ಬಾದಾಮಿ ಅರೆದದ್ದನ್ನು ತುಂಬುತ್ತಾರೆ.

ಗೋಧಿ ಬನ್ನು ಹಬ್ಬದ ತಿಂಡಿ ಆದದ್ದಕ್ಕೂ ಕಾರಣ ಇದೆ. ಚಳಿಯ ನಾರ್ವೆಯಲ್ಲಿ ಚೆನ್ನಾಗಿ ಬೆಳೆಯುತ್ತಿದ್ದದ್ದು ಬಾರ್ಲಿ, ಓಟ್ಸ್. ದಿನನಿತ್ಯಕ್ಕೆ ಅವುಗಳ ತೆಳುವಾದ, ಗರಿಗರಿ ರೊಟ್ಟಿ. ಗೋಧಿ ಬಹುಮಟ್ಟಿಗೆ ಹೊರಗಿನಿಂದ ಬರಬೇಕಿತ್ತು, ದುಬಾರಿ. ಬಿಳಿ ಹಿಟ್ಟಿನ ಬನ್ನು ಅಂದರೇ ಸಂಭ್ರಮ.

ಹಿಟ್ಟಿಗೆ ಇನ್ನೊಂದು ವಸ್ತು ಬೀಳುತ್ತದೆ, ಅದು ಏಲಕ್ಕಿ. ನಾರ್ವೆಯ ಬನ್ನುಗಳ ಪರಿಮಳವೇ ಅದು. ತರಿತರಿಯಾಗಿ ಕುಟ್ಟಿ ಹಾಕುವುದರಿಂದ ಕಚ್ಚಿದಾಗ ಕಪ್ಪು ಬೀಜದ ಚೂರುಗಳು ಹಲ್ಲಿಗೆ ಸಿಗುತ್ತವೆ. ಈ ಗಿಡದ ತವರು ನಮ್ಮ ಪಶ್ಚಿಮ ಘಟ್ಟ. ಕೊಡಗು, ಸಕಲೇಶಪುರ, ಮೂಡಿಗೆರೆಯ ತೋಟಗಳಲ್ಲಿ ಮರದ ನೆರಳಲ್ಲಿ ಬೆಳೆಯುವ ಅದೇ ಏಲಕ್ಕಿ. ಇವತ್ತು ಪ್ರಪಂಚಕ್ಕೆ ಅತಿ ಜಾಸ್ತಿ ಏಲಕ್ಕಿ ರಫ್ತು ಮಾಡುವುದು ಮಧ್ಯ ಅಮೆರಿಕದ ಗ್ವಾಟೆಮಾಲ. ಆದರೆ ಗಿಡ ಅಲ್ಲಿಗೆ ಹೋಗಿ ಬೇರೂರಿದ್ದು 20ನೇ ಶತಮಾನದಲ್ಲಿ. ಓಸ್ಲೊದ ಬೇಕರಿಗೆ ಹೋದ ಕನ್ನಡಿಗರಿಗೆ ಬಾಗಿಲಲ್ಲೇ ಪಾಯಸದ ನೆನಪಾದರೆ ಅದರಲ್ಲಿ ಆಶ್ಚರ್ಯ ಇಲ್ಲ.

ಹಿಮವೇ ರಸ್ತೆಯಾದಾಗ

ಹಿಮ ಅಂದರೆ ದಾರಿ ಬಂದ್ ಅಂತ ನಮಗನ್ನಿಸುತ್ತದೆ. ಹಳೆಯ ನಾರ್ವೆಯಲ್ಲಿ ಉಲ್ಟಾ. ಬೇಸಿಗೆಯಲ್ಲಿ ಜೌಗು, ಕೆರೆ, ಕಲ್ಲುಗುಡ್ಡ ದಾಟಿ ಗಾಡಿ ಹೊಡೆಯಲು ಆಗುತ್ತಿರಲಿಲ್ಲ. ಚಳಿಗಾಲದಲ್ಲಿ ಕೆರೆ ಹೆಪ್ಪುಗಟ್ಟಿ, ಜೌಗಿನ ಮೇಲೆ ಹಿಮ ಗಟ್ಟಿಯಾಗಿ ಕೂತರೆ ಕುದುರೆ ಕಟ್ಟಿದ ಜಾರುಬಂಡಿ ನೇರ ಓಡುತ್ತಿತ್ತು. ಫೆಬ್ರವರಿಯಲ್ಲಿ ಮಂಜು ಇನ್ನೂ ಗಟ್ಟಿ, ಬೆಳಕೂ ಸಾಕಷ್ಟು. ಸಾಮಾನು ಸಾಗಿಸಲು ಇದಕ್ಕಿಂತ ಒಳ್ಳೆಯ ಕಾಲ ಇರಲಿಲ್ಲ.

ರೋರೊಸ್ ಜಾತ್ರೆ ಹುಟ್ಟಿದ್ದು ಹೀಗೆ. ರೋರೊಸ್ 1644ರಿಂದ ತಾಮ್ರದ ಗಣಿಯ ಊರು. ಮರದ ಮನೆಗಳ ಆ ಹಳೆಯ ಪೇಟೆ ಈಗ ಯುನೆಸ್ಕೊ ಪಟ್ಟಿಯಲ್ಲಿದೆ. 1853ರ ರಾಜಾಜ್ಞೆಯಂತೆ 1854ರಿಂದ ಜಾತ್ರೆ ಶುರುವಾಯಿತು. ಫೆಬ್ರವರಿಯ ಕೊನೆಯಿಂದ ಎರಡನೇ ಮಂಗಳವಾರ ಆರಂಭ, ಐದು ದಿನ. ಬೆಣ್ಣೆ, ಚರ್ಮ, ಮೀನು, ಬೇಟೆ ಮಾಂಸ ಹೇರಿಕೊಂಡು ಸ್ವೀಡನ್ ಕಡೆಯಿಂದಲೂ ಬಂಡಿಗಳು ಬರುತ್ತಿದ್ದವು. ಇವತ್ತಿಗೂ ಕೆಲವರು ಹಳೆ ದಾರಿಯಲ್ಲೇ ದಿನಗಟ್ಟಲೆ ಕುದುರೆ ಬಂಡಿ ಹೊಡೆದುಕೊಂಡು ಬರುತ್ತಾರೆ. ಮೈಗೆ ತೋಳದ ಚರ್ಮದ ಉದ್ದ ಕೋಟು. ಮೊದಲ ದಿನ ಬಂಡಿಗಳು ಸಾಲಾಗಿ ಪೇಟೆಯೊಳಗೆ ಬರುವುದನ್ನು ನೋಡಲು ಜನ ಕಿಕ್ಕಿರಿಯುತ್ತಾರೆ.

ಸಾಮಿ ಜನರ ದಿನ

ಫೆಬ್ರವರಿ 6 ಸಾಮಿ ಜನರ ರಾಷ್ಟ್ರೀಯ ದಿನ. ಸಾಮಿಗಳು ನಾರ್ವೆ, ಸ್ವೀಡನ್, ಫಿನ್‌ಲ್ಯಾಂಡ್, ರಷ್ಯಾದ ಉತ್ತರ ಭಾಗಗಳ ಮೂಲ ನಿವಾಸಿಗಳು. ಇದು ಹಳೆಯ ಕಾಲದ ಹಬ್ಬವಲ್ಲ. 1917ರ ಆ ದಿನ ನಾರ್ವೆ-ಸ್ವೀಡನ್ ಗಡಿಯ ಎರಡೂ ಕಡೆಯ ಸಾಮಿಗಳು ಮೊದಲ ಸಲ ಟ್ರೊನ್‌ಹೇಮ್‌ನಲ್ಲಿ ಸಭೆ ಸೇರಿದರು. ಅದರ ಹಿಂದೆ ಎಲ್ಸಾ ಲೌಲಾ ರೆನ್‌ಬರ್ಗ್ ಎಂಬ ದಿಟ್ಟ ಹೆಂಗಸು ಇದ್ದರು. 1993ರಿಂದ ಅದನ್ನು ರಾಷ್ಟ್ರೀಯ ದಿನವಾಗಿ ಆಚರಿಸುತ್ತಾರೆ. ಬಣ್ಣದ ಅಂಚಿನ ಸಾಂಪ್ರದಾಯಿಕ ಉಡುಪು ತೊಟ್ಟು, ಹಿಮಸಾರಂಗದ ಮಾಂಸ, ಆಲೂಗಡ್ಡೆ, ಕ್ಯಾರೆಟ್ ಹಾಕಿ ನಿಧಾನಕ್ಕೆ ಬೇಯಿಸಿದ ಬಿಡೋಸ್ ಎಂಬ ಸಾರು ಉಣ್ಣುತ್ತಾರೆ.

ಅವರ ಇನ್ನೊಂದು ದೊಡ್ಡ ಕೂಟ ಈಸ್ಟರ್ ಹೊತ್ತಿಗೆ ಕೌಟೊಕೇನೊದಲ್ಲಿ. ಹಿಮಸಾರಂಗ ಸಾಕುವವರು ವಸಂತದಲ್ಲಿ ಹಿಂಡು ಹೊಡೆದುಕೊಂಡು ಕರಾವಳಿ ಕಡೆ ಹೊರಡುತ್ತಾರೆ. ಆಮೇಲೆ ತಿಂಗಳುಗಟ್ಟಲೆ ಎಲ್ಲರೂ ಚೆದುರಿರುತ್ತಾರೆ. ಹೊರಡುವ ಮುಂಚೆ ನೆಂಟರೆಲ್ಲ ಒಂದೆಡೆ ಸಿಗುವುದು ಈಗಲೇ. ಆದ್ದರಿಂದ ಮದುವೆಗಳೂ ಈ ಹೊತ್ತಿಗೇ ನಡೆಯುತ್ತಿದ್ದವು. ಹಿಮಸಾರಂಗಗಳ ಓಟ, ಹಾಡಿನ ಸ್ಪರ್ಧೆಗಳು ಈಗಲೂ ಇವೆ.

ಈಸ್ಟರ್: ಬೆಟ್ಟ, ಕಿತ್ತಳೆ, ಪತ್ತೇದಾರಿ ಕತೆ

ಬೇರೆ ಕಡೆ ಈಸ್ಟರ್ ಅಂದರೆ ವಸಂತ. ನಾರ್ವೆಯವರಿಗೆ ಅದು ಚಳಿಗಾಲದ ಕೊನೆಯ ರಜೆ. ಹಗಲು ಉದ್ದ, ಬಿಸಿಲು ಚುರುಕು, ಬೆಟ್ಟದಲ್ಲಿ ಹಿಮ ಇನ್ನೂ ದಂಡಿಯಾಗಿ ಇದೆ. ತುಂಬ ಜನ ಬೆಟ್ಟದ ಮರದ ಮನೆಗಳಿಗೆ ಹೊರಡುತ್ತಾರೆ. ಹಗಲೆಲ್ಲ ಸ್ಕೀ, ಮಧ್ಯಾಹ್ನ ಗೋಡೆಗೆ ಒರಗಿ ಬಿಸಿಲು ಕಾಯಿಸುವುದು. ಚೀಲದಲ್ಲಿ ಕಿತ್ತಳೆ ಹಣ್ಣು ಇರಲೇಬೇಕು. ಜೊತೆಗೆ 1937ರಿಂದ ಬರುತ್ತಿರುವ ಕ್ವಿಕ್ ಲುನ್ಶ್ ಎಂಬ ಚಾಕೊಲೇಟ್. ಬೆಟ್ಟದಲ್ಲಿ ಸುರಕ್ಷಿತವಾಗಿ ಇರಲು ಪಾಲಿಸಬೇಕಾದ ನಿಯಮಗಳನ್ನು ಅದರ ಹೊದಿಕೆಯ ಒಳಮೈಯಲ್ಲಿ ಅಚ್ಚು ಹಾಕಿರುತ್ತಾರೆ. ವೇಳೆ ಇರುವಾಗಲೇ ಹಿಂತಿರುಗಿ, ಹಿಂತಿರುಗುವುದರಲ್ಲಿ ನಾಚಿಕೆ ಇಲ್ಲ ಅನ್ನುವುದು ಅದರಲ್ಲೊಂದು. ಇದು ಸುಮ್ನೆ ಬರೆದದ್ದಲ್ಲ. ಈಸ್ಟರ್ ರಜೆಯಲ್ಲಿ ಹಿಮಬಿರುಗಾಳಿಗೆ ಸಿಕ್ಕಿ ಜನ ಸತ್ತ ಮೇಲೆ ಈ ನಿಯಮಗಳನ್ನು ಮನೆಮನೆಗೆ ಮುಟ್ಟಿಸಿದರು.

ಸಂಜೆ ಪತ್ತೇದಾರಿ ಕತೆ. 1923ರಲ್ಲಿ ಈಸ್ಟರ್‌ಗೆ ಮುಂಚೆ ಪತ್ರಿಕೆಯ ಮುಖಪುಟದಲ್ಲಿ ‘ಬರ್ಗೆನ್ ರೈಲು ರಾತ್ರಿ ಲೂಟಿ’ ಅಂತ ದೊಡ್ಡ ಅಕ್ಷರದಲ್ಲಿ ಬಂತು. ಅದು ಒಂದು ಕಾದಂಬರಿಯ ಹೆಸರು, ಅಂದರೆ ಜಾಹೀರಾತು. ಎಷ್ಟೋ ಜನ ನಿಜವಾದ ಸುದ್ದಿ ಅಂದುಕೊಂಡು ಗಾಬರಿ ಬಿದ್ದರು. ಪುಸ್ತಕ ಭರ್ಜರಿ ಮಾರಾಟವಾಯಿತು. ಅಲ್ಲಿಂದ ಮುಂದೆ ಪ್ರಕಾಶಕರು ಪ್ರತಿ ಈಸ್ಟರ್‌ಗೂ ಕೊಲೆ, ಕಳ್ಳತನದ ಕತೆ ಬಿಡುಗಡೆ ಮಾಡತೊಡಗಿದರು. ಆಮೇಲೆ ರೇಡಿಯೊ, ಟಿವಿಗೂ ಅದು ಹಬ್ಬಿತು. ಈ ದಿನಗಳಲ್ಲಿ ಹಾಲಿನ ಪೊಟ್ಟಣದ ಮೇಲೂ ಪುಟ್ಟ ಪತ್ತೇದಾರಿ ಚಿತ್ರಕತೆ ಇರುತ್ತದೆ. ಬೆಳಗಿನ ತಿಂಡಿಗೆ ಕೂತ ಮಕ್ಕಳು ಕಳ್ಳ ಯಾರು ಅಂತ ವಾದ ಮಾಡುತ್ತಾರೆ.

ಹೊಸದಾಗಿ ಹೋದವರು ಒಂದು ವಿಷಯ ಗಮನದಲ್ಲಿ ಇಡಬೇಕು. ಈಸ್ಟರ್ ಹಿಂದಿನ ಗುರುವಾರ, ಶುಕ್ರವಾರ, ಆಮೇಲೆ ಭಾನುವಾರ, ಸೋಮವಾರ ಸರ್ಕಾರಿ ರಜೆ, ಹೆಚ್ಚಿನ ಅಂಗಡಿಗಳು ಮುಚ್ಚಿರುತ್ತವೆ. ಶನಿವಾರ ತೆರೆದರೂ ಬೇಗ ಬಾಗಿಲು ಹಾಕುತ್ತವೆ. ಅಕ್ಕಿ, ಮೊಸರು, ತರಕಾರಿ ಬುಧವಾರವೇ ತಂದಿಟ್ಟುಕೊಳ್ಳುವುದು ಒಳ್ಳೆಯದು.